ಕಮಾಂಡೋ ನಾಮಾವತಾರ

ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಡಚ್ ಮೂಲದ ಬೋಯರ್ ರೈತರ ಮಾತಿನಲ್ಲಿ ಕಮಾಂಡೋ ಎಂದರೆ ಒಬ್ಬ ಆಳಲ್ಲ, ಒಂದು ಜಿಲ್ಲೆಯ ಗಂಡಸರ ಇಡೀ ದಂಡು. ಸಮವಸ್ತ್ರವಿಲ್ಲ, ಕವಾಯತಿಲ್ಲ, ಕರೆ ಬಂದೊಡನೆ ರೈತನು ತನ್ನದೇ ಕುದುರೆಯೇರಿ, ತನ್ನದೇ ಬಂದೂಕು ಹಿಡಿದು, ಎಂಟು ದಿನಕ್ಕಾಗುವ ಬುತ್ತಿ ಕಟ್ಟಿಕೊಂಡು ಹೊರಡಬೇಕು. ದಂಡಿನ ನಾಯಕನನ್ನೂ ಅವರೇ ಮತ ಹಾಕಿ ಆರಿಸಿಕೊಳ್ಳುತ್ತಿದ್ದರು. ಆಹಾ, ಎಂಥ ಪ್ರಜಾಪ್ರಭುತ್ವ ಎಂದು ಕೊಂಡಾಡುವವರು, ಇಂಥವೇ ದಂಡುಗಳು 1774ರಲ್ಲಿ ಸಾನ್ ಬುಡಕಟ್ಟಿನ ಸುಮಾರು 500 ಜನರನ್ನು ಕೊಂದದ್ದನ್ನೂ ಜೊತೆಗೇ ಓದಿಕೊಳ್ಳಬೇಕು.

1899ರಲ್ಲಿ ಬ್ರಿಟಿಷರಿಗೂ ಬೋಯರರಿಗೂ ಯುದ್ಧ ಹತ್ತಿಕೊಂಡಾಗ ಈ ದಂಡುಗಳು ಕೈಗೆ ಸಿಗಲೊಲ್ಲವು. ಆಗ ನಾಗರಿಕತೆಯ ಗುತ್ತಿಗೆ ಹಿಡಿದಿದ್ದ ಸಾಮ್ರಾಜ್ಯವು ಅವರ ಹೊಲಮನೆಗಳನ್ನು ಸುಟ್ಟು, ಹೆಂಗಸರು ಮಕ್ಕಳನ್ನು ಶಿಬಿರಗಳಿಗೆ ತುಂಬಿತು. ಅಲ್ಲಿ ಸುಮಾರು 28,000 ಬೋಯರರು ಸತ್ತರು, ಹೆಚ್ಚಿನವರು ಮಕ್ಕಳು. ಕರಿಯರಿಗೆಂದೇ ಬೇರೆ ಶಿಬಿರಗಳಿದ್ದವು. ಅಲ್ಲಿ ಸತ್ತವರನ್ನು ಸರಿಯಾಗಿ ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಇಷ್ಟು ಮಾಡಿ ಅಡಗಿಸಿದ ಹೆಸರನ್ನು 1940ರಲ್ಲಿ, ಜರ್ಮನರ ಕೈಯಲ್ಲಿ ಸೋತು ಫ್ರಾನ್ಸಿನ ಡನ್ಕರ್ಕ್‌ನಿಂದ ಜೀವ ಉಳಿಸಿಕೊಂಡು ಬಂದ ಮೇಲೆ, ಅದೇ ಬ್ರಿಟನ್ ತನ್ನ ಹೊಸ ದಾಳಿಪಡೆಗೆ ಇಟ್ಟುಕೊಂಡಿತು. ಹೆಸರು ಸೂಚಿಸಿದ ಸೇನಾಧಿಕಾರಿ ಡಡ್ಲಿ ಕ್ಲಾರ್ಕ್ ಹುಟ್ಟಿದ್ದೇ ಆ ಬೋಯರರ ನಾಡಿನಲ್ಲಿ. ಫ್ರಾನ್ಸಿನ ತೀರದ ಮೇಲೆ ಮೊದಲ ದಾಳಿಗೆ ಹೊರಟ ವೀರರು ಮುಖಕ್ಕೆ ಬಳಿದುಕೊಂಡದ್ದು ನಾಟಕದವರ ಅಂಗಡಿಯಿಂದ ತಂದ ಕಪ್ಪು ಬಣ್ಣ. ಪೆಟ್ಟಾದದ್ದು ನೋಡಲು ಹೋಗಿದ್ದ ಕ್ಲಾರ್ಕ್‌ನ ಕಿವಿಗೆ. ಮರಳಿದ ಒಂದು ದೋಣಿಯವರ ಬಳಿ ಗುರುತಿನ ಚೀಟಿ ಇಲ್ಲವೆಂದು ಇಂಗ್ಲೆಂಡಿನ ಫೋಕ್‌ಸ್ಟನ್ ಬಂದರಿನವರು ಅವರನ್ನು ಹೊರಗೇ ಕಾಯಿಸಿದರು. ಕಾಯುತ್ತ ಕುಳಿತವರು ರಮ್ ಖಾಲಿ ಮಾಡಿ ತೂರಾಡುತ್ತ ದಡಕ್ಕಿಳಿದಾಗ, ಸೇನಾ ಪೊಲೀಸರು ಅವರನ್ನು ಓಡಿಹೋದ ಸಿಪಾಯಿಗಳೆಂದು ಹಿಡಿದುಕೊಂಡರು.

ಲಂಡನ್ನಿನ ಯುದ್ಧ ಕಚೇರಿಯ ದೊಡ್ಡವರಿಗೆ ಕಮಾಂಡೋ ಎಂಬ ಪದವೇ ಒಗ್ಗಲಿಲ್ಲ. ಮರ್ಯಾದಸ್ತರ ಹೆಸರಿರಲಿ ಎಂದು ‘ಸ್ಪೆಷಲ್ ಸರ್ವಿಸ್’ ಎಂದರು. ಚುಟುಕಾಗಿ ಬರೆದರೆ ಅದು ‘ಎಸ್‌ಎಸ್’ ಆಗುತ್ತದೆ, ಆ ಎರಡಕ್ಷರವನ್ನು ಹಿಟ್ಲರ್‌ನ ಕೊಲೆಗಡುಕ ಪಡೆ ಮೊದಲೇ ಹಿಡಿದಿದೆ ಎಂಬ ಸಂಗತಿ ವರ್ಷಗಟ್ಟಲೆ ಕಡತಗಳಲ್ಲಿ ಮಲಗಿತ್ತು. 1944ರ ಡಿಸೆಂಬರಿನಲ್ಲಿ, ಗೆಲುವು ಕಣ್ಣಳತೆಗೆ ಬಂದ ಮೇಲೆ, ಬ್ರಿಗೇಡುಗಳ ಹೆಸರು ಮತ್ತೆ ಕಮಾಂಡೋ ಆಯಿತು.

ಮುಂದೆ ದಂಡಿನ ಹೆಸರು ಒಬ್ಬೊಬ್ಬ ಸಿಪಾಯಿಗೂ ಅಂಟಿತು. ನಮ್ಮಲ್ಲಂತೂ ಅದು ಗಣ್ಯರ ಹಿಂದೆ ನಿಂತು ಅವರ ಫೋಟೊದಲ್ಲೆಲ್ಲ ಬೀಳುವ ಕರಿಬಟ್ಟೆಯ ಕಾವಲುಗಾರನಾಗಿದೆ. ಇತ್ತ ಅಮೆರಿಕದ ಕಾಲೇಜು ಹುಡುಗರ ಬಾಯಲ್ಲಿ ‘ಕಮಾಂಡೋ ಹೋಗುವುದು’ ಎಂದರೆ ಪ್ಯಾಂಟಿನೊಳಗೆ ಚಡ್ಡಿ ಹಾಕದೆ ತಿರುಗುವುದು. ನಿಘಂಟುಗಳು ಇದನ್ನೂ ಗಂಭೀರವಾಗಿ ಅಚ್ಚು ಹಾಕಿವೆ. ದಕ್ಷಿಣ ಆಫ್ರಿಕದ ಸರಕಾರವು ಉಳಿದಿದ್ದ ಕಮಾಂಡೋ ದಂಡುಗಳನ್ನು ಬರಖಾಸ್ತು ಮಾಡುವುದಾಗಿ 2003ರಲ್ಲೇ ಸಾರಿತು. ಬೋಯರ್ ರೈತನ ಎಂಟು ದಿನದ ಗಂಟಿನಲ್ಲಿ ಚಡ್ಡಿ ಇತ್ತೋ ಇಲ್ಲವೋ, ಅದನ್ನು ಬಿಚ್ಚಿ ನೋಡಿದ ನಿಘಂಟುಕಾರನಂತೂ ಯಾರೂ ಇಲ್ಲ.