ಭಾವನ ಪ್ರಶ್ನೆ, ಆಟೋದವರ ಉತ್ತರ

2014ರ ಡಿಸೆಂಬರ್. ದಾವಣಗೆರೆಯಿಂದ ಅಕ್ಕ, ಭಾವ ಕೊಚ್ಚಿಗೆ ಬಂದಿದ್ದರು. ಎರಡು ವರ್ಷಕ್ಕೊಮ್ಮೆ ಅಂತ ಅಲ್ಲಿ ನಡೆಸುವ ದೊಡ್ಡ ಕಲಾ ಪ್ರದರ್ಶನ, ಬಿನಾಲೆ, ಎರಡನೇ ಸಲ ಆಗಷ್ಟೇ ಶುರುವಾಗಿತ್ತು. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್‌ನ ಒಂದು ಕೋಣೆಯಲ್ಲಿ ಕಲಾವಿದ ನಿಖಿಲ್ ಚೋಪ್ರಾ ಎರಡು ದಿನಕ್ಕೂ ಹೆಚ್ಚು ಹೊತ್ತು ಇದ್ದುಬಿಟ್ಟು, ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದರು. ಭಾವ ಐದು ನಿಮಿಷ ನೋಡಿ ನನ್ನ ಕಿವಿಯಲ್ಲಿ, "ಇದನ್ನ ಯಾರ್ ಕೊಂಡ್ಕೋತಾರೋ? ಇವ್ರಿಗೆ ಎಷ್ಟ್ ಸಿಗುತ್ತೆ?" ಅಂದರು.

ಏನು ಹೇಳಲಿ ಅಂತ ತಡವರಿಸುತ್ತಿದ್ದೆ. ನಮ್ಮನ್ನು ಕರೆತಂದಿದ್ದ ಆಟೋ ಚೇಟ್ಟನ್ ಹಿಂದೆಯೇ ನಿಂತಿದ್ದರು. ಅವರಿಗೆ ಭಾವನ ಮಾತು ಅರ್ಥವಾಗಿರಲಿಲ್ಲ. ತಮ್ಮಷ್ಟಕ್ಕೆ ಮಲಯಾಳದಲ್ಲಿ ನನಗೆ ಹೇಳಿದರು: "ನಿನ್ನೆ ಬಂದಾಗ ಆ ಮೂಲೆ ಖಾಲಿ ಇತ್ತು."

ನಿನ್ನೆಯೂ ಬಂದಿದ್ದರು ಅವರು! ಆ ಒಂದು ಮಾತಿಗೆ ನನಗೆ ಖುಷಿಯೂ ಆಯಿತು, ನಮ್ಮವರ ಮೇಲೆ ಸಿಟ್ಟೂ ಬಂತು. ಎರಡೂ ಇನ್ನೂ ಹೋಗಿಲ್ಲ.

ನಮ್ಮಲ್ಲಿ ಕಲೆ ಅಂದ ಕೂಡಲೇ ಬಾಯಿಗೆ ಬರುವ ಮೊದಲ ಮಾತು "ಎಷ್ಟು?". ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋದರೆ ಕುಮಾರಕೃಪಾ ರಸ್ತೆ ತುಂಬ ಅದೇ ಮಾತು ಕೇಳುತ್ತದೆ. ಸಂತೆ ಅಂದಮೇಲೆ ಕೇಳಲಿ, ತಪ್ಪಲ್ಲ. ಆದರೆ ಕೊಳ್ಳಲಾಗದ್ದು, ಮನೆಗೆ ಒಯ್ಯಲಾಗದ್ದು, ಒಬ್ಬ ಮನುಷ್ಯ ತನ್ನ ಮೈಯನ್ನೇ ಮುಂದಿಟ್ಟುಕೊಂಡು ನಿಂತದ್ದು ಎದುರಾದರೆ ನಾವು ಐದು ನಿಮಿಷಕ್ಕೆ ಸುಸ್ತಾಗುತ್ತೇವೆ. ಬೆಂಗಳೂರಲ್ಲಿ ನಾನು ನೋಡಿದ ಇಂಥ ಪ್ರದರ್ಶನಗಳಲ್ಲೆಲ್ಲ ಮಾಡುವವರೂ ಕಲಾವಿದರೇ, ನೋಡುವವರೂ ಕಲಾವಿದರೇ. ಹೊರಗೆ ನಿಂತ ಆಟೋದವರನ್ನು ಯಾರೂ ಒಳಗೆ ಕರೆದಿರಲಿಲ್ಲ.

ಕೊಚ್ಚಿಯಲ್ಲಿ ಕರೆಯಬೇಕಾಗಿಯೇ ಇಲ್ಲ. 2016ರ ಬಿನಾಲೆಯ ಕ್ಯುರೇಟರ್, ಅಂದರೆ ಕಲಾವಿದರನ್ನು ಆರಿಸಿ ಪ್ರದರ್ಶನ ರೂಪಿಸಿದವರು, ಸುದರ್ಶನ ಶೆಟ್ಟಿ, ಮಂಗಳೂರಲ್ಲಿ ಹುಟ್ಟಿದವರು. ಅದನ್ನು ಇಲ್ಲಿನ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಸಲ ಚಿಲಿಯ ಕವಿ ರಾವುಲ್ ಸುರಿತಾ ಒಂದು ಗೋದಾಮಿನೊಳಗೆ ಕಾಲು ಮುಳುಗುವಷ್ಟು ಸಮುದ್ರದ ನೀರು ತುಂಬಿಸಿದ್ದರು. ಕಡಲಲ್ಲಿ ಮುಳುಗಿಹೋದ ಸಿರಿಯಾದ ಬಾಲಕ ಗಾಲಿಪ್ ಕುರ್ದಿಗಾಗಿ ಮಾಡಿದ್ದು. ಗೋಡೆಯ ಮೇಲಿನ ಸಾಲುಗಳನ್ನು ಓದಬೇಕಾದರೆ ನೀರಿಗಿಳಿದೇ ನಡೆಯಬೇಕು. ನನ್ನ ಮುಂದೆ ಒಬ್ಬ ಅಜ್ಜಿ ಮುಂಡು ಎತ್ತಿಕೊಂಡು ಮೊಮ್ಮಗನ ಕೈ ಹಿಡಿದು ಇಳಿದರು. ಆ ತುದಿ ಮುಟ್ಟಿ ವಾಪಸ್ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ. ನಾನೂ ಅಷ್ಟೆ.

ನನ್ನನ್ನು ಕಾಡುವುದು ಬೇರೆಯದೇ. ಇದೇ ಭಾವ ದೊಡ್ಡಾಟಕ್ಕೆ ಚಾಪೆ ಹೊತ್ತು ಹೋಗಿ ಬೆಳಗಿನವರೆಗೂ ಕೂತವರು. ದುರುಗಮುರ್ಗಿಯವ ಬೀದಿಯಲ್ಲಿ ಚಾಟಿ ಬೀಸಿಕೊಂಡಾಗ ಕಣ್ಣು ಮಿಟುಕಿಸದೆ ನೋಡಿದವರು. ಹಗಲುವೇಷದವರ ಹಿಂದೆ ಓಣಿಯಿಂದ ಓಣಿಗೆ ಓಡಿದವರು. ನೋಡುವುದು ಅವರಿಗೆ ಗೊತ್ತಿಲ್ಲ ಅಂತ ಹೇಗೆ ಹೇಳಲಿ? ಅದೇ ಬಗೆಯದು ಗ್ಯಾಲರಿಯೊಳಗೆ ಹೋಗಿ ಪರ್ಫಾರ್ಮೆನ್ಸ್ ಆರ್ಟ್ ಅನ್ನಿಸಿಕೊಂಡ ಕೂಡಲೇ, ಇದು ತನ್ನಂಥವರಿಗಲ್ಲ ಅಂದುಕೊಂಡುಬಿಡುತ್ತಾರೆ. ಹಾಗೆ ಅಂದುಕೊಳ್ಳುವಂತೆ ಮಾಡಿದವರಲ್ಲಿ ನಮ್ಮ ಕಲಾವಿದರೂ ಇದ್ದಾರೆ.

2025ರ ಡಿಸೆಂಬರ್ 12ಕ್ಕೆ ಆರನೇ ಬಿನಾಲೆ ತೆರೆಯಿತು. 11 ವರ್ಷ ಹಿಂದೆ ಆ ಕೋಣೆಯಲ್ಲಿದ್ದ ನಿಖಿಲ್ ಚೋಪ್ರಾ ಈ ಸಲ ಕ್ಯುರೇಟರ್. ಅವರೊಬ್ಬರೇ ಅಲ್ಲ, ಗೋವಾದ ತಮ್ಮ ಎಚ್‌ಎಚ್ ಆರ್ಟ್ ಸ್ಪೇಸಸ್ ಬಳಗದ ಜೊತೆ ಸೇರಿ. ಆ ಸುದ್ದಿ ಓದಿದಾಗಿನಿಂದ ಭಾವನ ಪ್ರಶ್ನೆ ಮತ್ತೆ ತಲೆಯಲ್ಲಿ ಕೂತಿದೆ.

ಒಪ್ಪಿಕೊಳ್ಳಲೇಬೇಕು. ಹೀಗೆ ಕೂಡಿ ಮಾಡುವುದು ನಮ್ಮಲ್ಲಿಲ್ಲ ಅಂದರೆ ಸುಳ್ಳಾಗುತ್ತದೆ. 2009–10ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದಲ್ಲಿ ಕಲಾವಿದರೇ ಸೇರಿ 'ಸಮೂಹ' ಅಂತ ತಮ್ಮದೇ ಕಲಾ ತಾಣವನ್ನು ಒಂದು ವರ್ಷಕ್ಕೂ ಮೀರಿ ನಡೆಸಿದರು. 2016ರಲ್ಲಿ ಅಲ್ಲಿನ ಸರ್ಕಾರಿ ವೆಂಕಟಪ್ಪ ಗ್ಯಾಲರಿ ಖಾಸಗಿಯವರ ಕೈಗೆ ಹೋಗುತ್ತದೆ ಅಂದಾಗ ಬೀದಿಗೆ ಬಂದು ನಿಂತವರೂ ಅವರೇ. ಇನ್ನು ಕೊಚ್ಚಿಯಲ್ಲೂ ಎಲ್ಲ ಸರಿಯಿಲ್ಲ. 2022ರಲ್ಲಿ ಡಿಸೆಂಬರ್ 12ಕ್ಕೆ ತೆರೆಯಬೇಕಾದದ್ದು 23ಕ್ಕೆ ಹೋಯಿತು, ಭಾಗವಹಿಸಿದ ಕಲಾವಿದರೇ ಬಹಿರಂಗ ಪತ್ರ ಬರೆದು ಅವ್ಯವಸ್ಥೆಯ ಬಗ್ಗೆ ನೋವು ತೋಡಿಕೊಂಡರು.

ಭಾವ ಕೇಳಿದ್ದು ಒಂದಲ್ಲ, ಎರಡು ಪ್ರಶ್ನೆ. ಯಾರು ಕೊಂಡುಕೊಳ್ಳುತ್ತಾರೆ ಅನ್ನುವುದಕ್ಕೆ ಸಿಟ್ಟಾದೆ. ಎಷ್ಟು ಸಿಗುತ್ತೆ ಅನ್ನುವುದನ್ನು ಕೇಳಿಸಿಕೊಳ್ಳಲೇ ಇಲ್ಲ. ನಮ್ಮ ಓಣಿಯಲ್ಲಿ ದುರುಗಮುರ್ಗಿಯವನ ಚಾಟಿ ನಿಂತ ಮೇಲೆ ಅವ್ವ ಮೊರದಲ್ಲಿ ಜೋಳ ತಂದು ಸುರಿಯುತ್ತಿದ್ದಳು. ಅವಳು ಏನನ್ನೂ ಕೊಂಡುಕೊಂಡಿರಲಿಲ್ಲ. ಅಕ್ಕನನ್ನು ಮದುವೆಯಾದ ಹೊಸತರಲ್ಲಿ ಭಾವ ಒಮ್ಮೆ ಆ ಮೊರ ತಾವೇ ಹೊತ್ತುಕೊಂಡು ಹೋಗಿ ಹಾಕಿದ್ದರು.