3 ಕೆಜಿ 200 ಗ್ರಾಂ ಸೋರ್ಸ್ ಕೋಡ್

ಹೋದ ತಿಂಗಳು ನನ್ನ ಸೋರ್ಸ್ ಕೋಡನ್ನು, ಅಂದರೆ ಒಂದು ವೆಬ್‌ಸೈಟ್ ನಡೆಸೋಕೆ ಬರೆದ ಪ್ರೋಗ್ರಾಮಿನ ಸಾಲುಗಳನ್ನು, ತೂಕಕ್ಕೆ ಹಾಕಿದರು. ತಮಾಷೆಗೆ ಹೇಳ್ತಿಲ್ಲ. ದಾವಣಗೆರೆಯ ಒಂದು ಮೆಕ್ಕೆಜೋಳದ ಮಂಡಿಯಲ್ಲಿ, ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾದ ಮೇಲೆ, ಎ4 ಹಾಳೆಯ ಕಟ್ಟು ಇಟ್ಟರು. 3 ಕೆಜಿ 200 ಗ್ರಾಂ ಬಂತು. "ಇಷ್ಟಕ್ಕೆ ಇಪ್ಪತ್ತೈದು ಸಾವಿರಾನೇನ್ರಿ?" ಅಂದರು ಮಂಡಿ ಯಜಮಾನರು. ಅವರ ತಲೆಯಲ್ಲಿ ಕ್ವಿಂಟಲ್ ರೇಟು ಓಡುತ್ತಿತ್ತು ಅಂತ ಕಾಣುತ್ತೆ. ಆ ಲೆಕ್ಕದಲ್ಲಿ ನಾನು ಹಗಲು ದರೋಡೆಕೋರ.

ಶುರುವಿನಿಂದ ಹೇಳ್ತೀನಿ ಕೇಳಿ. ನಾನು ಸ್ವಂತವಾಗಿ ವೆಬ್‌ಸೈಟ್ ಮಾಡಿಕೊಡುವವನು. ಆಫೀಸ್ ಅಂದರೆ ವಿನೋಬನಗರದ ಒಂದು ಬಾಡಿಗೆ ರೂಮು, ಎರಡು ಮಾನಿಟರು, ಕರೆಂಟ್ ಹೋದರೆ ಇಪ್ಪತ್ತು ನಿಮಿಷ ಜೀವ ಹಿಡಿಯುವ ಒಂದು ಯುಪಿಎಸ್ಸು. ತಲೆಕೂದಲು ಅರ್ಧ ಬೆಳ್ಳಗಾಗಿದ್ದರೂ ಊರಿಗೆಲ್ಲ ಇನ್ನೂ "ಕಂಪ್ಯೂಟರ್ ಹುಡುಗ".

ಎದುರು ಪಾರ್ಟಿ ಒಬ್ಬ ಜವಳಿ ಸಾವ್ಕಾರ್ರು. ಹೆಸರು ಬೇಡ. ನಮ್ಮ ಮಾತುಕತೆ ಆಗಿದ್ದು ಬೆಣ್ಣೆ ದೋಸೆ ಹೋಟೆಲಲ್ಲಿ. ಅಂಗಡಿಗೆ ವೆಬ್‌ಸೈಟ್, 25,000, ಮುಂಗಡ 10,000. "ಅಗ್ರಿಮೆಂಟು ಗಿಗ್ರಿಮೆಂಟು ಯಾಕೆ ಬಿಡು ತಮ್ಮಾ, ನಂಬಿಕೆ ಮ್ಯಾಲೆ ದುನಿಯಾ ನಡೀತದೆ" ಅಂದರು. ಇದೇ ಮನುಷ್ಯ ಮಗಳ ನಿಶ್ಚಿತಾರ್ಥದಲ್ಲಿ ಚಿನ್ನ ಎಷ್ಟು ತೊಲ, ಛತ್ರದ ಬಾಡಿಗೆ ಯಾರದು, ಅಡಿಗೆ ಭಟ್ಟರಿಗೆ ಕೊಡೋದು ಯಾರು, ಬೀಗರ ಬಸ್ಸಿನ ಡೀಸೆಲ್ ಯಾರ ಲೆಕ್ಕಕ್ಕೆ ಅಂತ ನಾಲ್ಕು ಹಿರಿಯರ ಮುಂದೆ ಬರೆಸಿ ಸಹಿ ಹಾಕಿಸಿದವರು. ಅವರ ಅಂಗಡಿಯ ಕರ್ಚೀಫಿನ ಬಿಲ್ಲಲ್ಲೂ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಅಚ್ಚು ಹಾಕಿಸಿದ್ದಾರೆ. ವೆಬ್‌ಸೈಟಿಗೆ ಮಾತ್ರ ನಂಬಿಕೆ. ನಾನಾದರೂ ಬಾಯಿ ಬಿಡಬೇಕಿತ್ತು ಅಲ್ವಾ? ಬಾಯಲ್ಲಿ ಎರಡನೇ ದೋಸೆ ಇತ್ತು.

ನಾಲ್ಕು ತಿಂಗಳು ಕೆಲಸ ನಡೆಯಿತು. ಲೋಗೋ ದೊಡ್ಡದು ಮಾಡು, ಲಕ್ಷ್ಮಿ ಬಲಗಡೆ ಬರಲಿ, ಅಪ್ಪಾಜಿ ಫೋಟೋಗೆ ಹಾರ ಹಾಕು, ಹಾರ ಅಲ್ಲಾಡ್ತಾ ಇರ್ಲಿ. ಎಲ್ಲಾ ಮಾಡಿದೆ. ಕೆಳಗೆ ಚಿಕ್ಕದಾಗಿ ಹಾಕಿದ್ದ ನನ್ನ ಹೆಸರನ್ನು ಎರಡನೇ ವಾರವೇ ತೆಗೆಸಿದರು. ಬಾಕಿ 15,000 ಕೇಳಿದ ದಿನ ಒಂದು ಹೊಸ ಪದ ಬಂತು. "ಮೊದ್ಲು ಸೋರ್ಸ್ ಕೋಡ್ ಕೊಡು."

ಈ ಪದ ಅವರ ಬಾಯಿಗೆ ಬಂದಿದ್ದು ಅಳಿಯನಿಂದ. ದುಬೈನಲ್ಲಿರೋ ಅಳಿಯ ಅಲ್ಲ, ಅಕ್ಕನ ಮಗ. ಬಿಇ ಎರಡನೇ ಸೆಮಿಸ್ಟರ್. "ಮಾವ, ಸೋರ್ಸ್ ಕೋಡ್ ಇಸ್ಕೊಳ್ಳಿ, ಇಲ್ಲಾಂದ್ರೆ ವೆಬ್‌ಸೈಟು ನಿಮ್ದೇ ಅಲ್ಲ" ಅಂದನಂತೆ. ಆಮೇಲೆ ಎರಡು ತಿಂಗಳು ನಮ್ಮಿಬ್ಬರ ವಾಟ್ಸಾಪಲ್ಲಿ ಇದೇ. ದುಡ್ಡು ಕೊಟ್ಟರೆ ಕೋಡ್, ಕೋಡ್ ಕೊಟ್ಟರೆ ದುಡ್ಡು. ನಡುನಡುವೆ ಅವರ ಕಡೆಯಿಂದ ದಿನಾ ಬೆಳಗ್ಗೆ ಗುಲಾಬಿ ಹೂವಿನ ಶುಭೋದಯ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ನಾನು ವಕೀಲರ ಹತ್ತಿರ ಹೋದೆ. ಅಲ್ಲಿ ಗೊತ್ತಾಯಿತು ನೋಡಿ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಅನ್ನೋದು ಸಾಹಿತ್ಯ ಕೃತಿ. ಅಂದರೆ ನಾನು ಸಾಹಿತಿ! ಜಿಲ್ಲಾ ಸಾಹಿತ್ಯ ಸಮ್ಮೇಳನದ ಸಾರೋಟು ನಮ್ಮ ಬೀದಿಗೆ ಯಾವಾಗ ತಿರುಗುತ್ತೆ ಅಂತ ಅವತ್ತಿಂದ ಕಾಯ್ತಾ ಇದ್ದೀನಿ.

ಕಾನೂನು ಮಜವಾಗಿದೆ. ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಬರೆದ ಕೋಡು ಮಾಲೀಕರದು. ನನ್ನಂಥ ಹೊರಗಿನವನು ಬರೆದುಕೊಟ್ಟರೆ, ಬೇರೆ ಥರ ಕರಾರು ಇಲ್ಲದಿದ್ದರೆ, ಅದು ಬರೆದವನದೇ. ಹಕ್ಕು ಬೇರೆಯವರಿಗೆ ದಾಟಬೇಕು ಅಂದರೆ ಕಾಗದದ ಮೇಲಿರಬೇಕು, ಸಹಿ ಇರಬೇಕು. ಕಾಗದದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಈ ಹಕ್ಕಿನ ಆಯಸ್ಸು ಬರೆದವನು ಸತ್ತು 60 ವರ್ಷದವರೆಗೆ. ಎರಡು ವರ್ಷಕ್ಕೊಮ್ಮೆ ಗುಜರಿಗೆ ಹೋಗುವ ವೆಬ್‌ಸೈಟಿನ ಅಲ್ಲಾಡುವ ಹಾರದ ಮೇಲೆ ನನ್ನ ಮೊಮ್ಮಕ್ಕಳು ಕೋರ್ಟಿಗೆ ಅಲೆಯಬಹುದು.

ಸಾವ್ಕಾರ್ರಿಗೆ ಇದನ್ನೆಲ್ಲ ಹೇಳಿದರೆ ಅವರು ಕೇಳಿದ ಪ್ರಶ್ನೆ ಒಂದೇ. "ಮಗಳ ಮದ್ವಿ ಫೋಟೋಕ್ಕೆ ದುಡ್ಡು ಕೊಟ್ಟೀನಿ, ಫೋಟೋ ನಂದು. ಇದಕ್ಕೂ ದುಡ್ಡು ಕೊಟ್ಟೀನಿ, ಇದ್ಯಾಕೆ ನಿಂದು?" ನಾನು ನಗಬೇಕು ಅಂತಿದ್ದೆ, ವಕೀಲರು ತಡೆದರು. ಫೋಟೋ ವಿಷಯದಲ್ಲಿ ಸಾವ್ಕಾರ್ರೇ ಸರಿಯಂತೆ. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಚಿತ್ರ, ಮಾಡಿಸಿದ ಸಿನಿಮಾ, ಇವುಗಳ ಹಕ್ಕು ಬೇರೆ ಕರಾರು ಇಲ್ಲದಿದ್ದರೆ ಮಾಡಿಸಿದವರದೇ ಅಂತ ಅದೇ ಕಾಯ್ದೆಯ ಅದೇ 17ನೇ ಕಲಂ ಹೇಳುತ್ತೆ. ಕೋಡಿಗೆ ಆ ಮಾತು ಅನ್ವಯಿಸಲ್ಲ. ಹಾಗಾಗಿ ಅಪ್ಪಾಜಿಯ ಫೋಟೋ ಸಾವ್ಕಾರ್ರದು, ಅದಕ್ಕೆ ಹಾಕಿದ ಹಾರದ ಅಲ್ಲಾಟ ನಂದು. ಇಂಥ ನಾಡಲ್ಲಿ ಜಗಳ ಆಗದೇ ಇನ್ನೇನಾಗುತ್ತೆ ಹೇಳಿ.

ಏಳುವಾಗ ವಕೀಲರು ದನಿ ತಗ್ಗಿಸಿ ಕೇಳಿದರು. "ನಮ್ಮ ಆಫೀಸ್ ವೆಬ್‌ಸೈಟ್ ಮಾಡಿದ ಹುಡ್ಗ ಫೋನೇ ಎತ್ತುತ್ತಿಲ್ಲ ಕಣಪ್ಪ. ಪಾಸ್‌ವರ್ಡ್ ಅವನ ಹತ್ರಾನೇ ಐತಿ. ಏನ್ ಮಾಡ್ಬೋದು?" ಏನಾದರೂ ಬರೆಸಿಕೊಂಡಿದ್ದೀರಾ ಅಂದೆ. ಫ್ಯಾನ್ ಕಡೆ ನೋಡಿದರು.

ವೆಬ್‌ಸೈಟ್ ಮಾಡುವ ನಮ್ಮವರನ್ನೂ ಸುಮ್ಮನೆ ಬಿಡಬಾರದು, ಅವರದೂ ಒಂದು ಕಥೆ ಇದೆ. ಚಿತ್ರದುರ್ಗದ ಗೆಳೆಯನೊಬ್ಬ ಬಾಕಿ ಕೊಡದ ಪಾರ್ಟಿಯ ವೆಬ್‌ಸೈಟ್ ತೆಗೆದು, ಹಬ್ಬದ ವ್ಯಾಪಾರದ ಹೊತ್ತಲ್ಲಿ, ಪೂರ್ತಿ ಕೆಂಪು ಪರದೆ ಹಾಕಿ "ಈ ಅಂಗಡಿಯವರು ದುಡ್ಡು ಕೊಟ್ಟಿಲ್ಲ" ಅಂತ ಬರೆದ. ಹೀಗೆ ಮಾಡಿದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಕಲಂ ಮೈಮೇಲೆ ಬರಬಹುದು, ಮೂರು ವರ್ಷದವರೆಗೆ ಜೈಲು ಇಲ್ಲವೇ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ ಅಂತ ಯಾರೋ ಹೇಳಿದ ಮೇಲೆ ಅವನ ಮುಖ ಕೆಂಪಾಯಿತು. ಅದಕ್ಕಿಂತ ದೊಡ್ಡ ತಮಾಷೆ ಅಂದರೆ ಅವನ ಭದ್ರತೆ. ಏಳು ಸುತ್ತಿನ ಕೋಟೆ ಥರ ಒಂದರ ಮೇಲೊಂದು ಪಾಸ್‌ವರ್ಡ್ ಕಟ್ಟಿದ್ದ, ಪಾರ್ಟಿಯ ಕಡೆಯ ಹುಡುಗ ಕಿಂಡಿಯಿಂದ ನುಗ್ಗಿಬಿಟ್ಟ. ಒಂದು ಹಳೇ ಲಾಗಿನ್ನಿನ ಪಾಸ್‌ವರ್ಡ್ "ಅಡ್ಮಿನ್ 123" ಅಂತಲೇ ಉಳಿದಿತ್ತು. ಒನಕೆ ಹಿಡಿದು ನಿಲ್ಲೋಕೆ ಅಲ್ಲಿ ಯಾರೂ ಇರಲಿಲ್ಲ. ಅವನು ಸಿರಿಗೆರೆ ಹತ್ರ ಮದುವೆ ಊಟಕ್ಕೆ ಹೋಗಿದ್ದ.

ನಮ್ಮ ಜಗಳ ಕೋರ್ಟಿಗೆ ಹೋಗಲಿಲ್ಲ, ಮಂಡಿಗೆ ಬಂತು. ಯಜಮಾನರು ಸಾವ್ಕಾರ್ರಿಗೆ ದೂರದ ಸಂಬಂಧ. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು ಎಲ್ಲಾ ಬಗೆಹರಿಸಿದ ಅನುಭವ. ಕೂತ ತಕ್ಷಣ ಕೇಳಿದರು. "ಕೋಡು ಅಂದ್ರೆ ಏನು? ಎಲ್ಲೈತಿ? ತೋರ್ಸು." ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಒಪ್ಪಲಿಲ್ಲ. "ಇದು ಡಬ್ಬಿ ಒಳಗೈತಿ. ಕೈಗೆ ಬರ್ದೇ ಇರೋದನ್ನ ಕೊಟ್ಟೆ ಅಂತ ಹೆಂಗ್ ಬರ್ಕೊಳ್ಳಾದು?"

ಹಾಗಾಗಿ ಪ್ರಿಂಟ್ ಹಾಕಿಸಬೇಕಾಯಿತು. 640 ಹಾಳೆ, ಒಂದೇ ಮಗ್ಗಲು, ಹಾಳೆಗೆ ಎರಡು ರೂಪಾಯಿ. 1,280 ರೂಪಾಯಿ ಯಾರು ಕೊಡಬೇಕು ಅನ್ನೋದರ ಮೇಲೆ ಅರ್ಧ ಗಂಟೆ ಬೇರೆ ಪಂಚಾಯಿತಿ ಆಗಿ ನಾನೇ ಕೊಟ್ಟೆ. ಜೆರಾಕ್ಸ್ ಅಂಗಡಿ ಹುಡುಗ "ಪ್ರಾಜೆಕ್ಟ್ ರಿಪೋರ್ಟಾ ಸಾರ್? ಸ್ಪೈರಲ್ ಬೈಂಡಿಂಗ್ ಬೇಕಾ?" ಅಂತ ಕೇಳಿದ. ವೆಬ್‌ಸೈಟಿಗೆ ತಳಪಾಯ ಆಗಿದ್ದ ವರ್ಡ್‌ಪ್ರೆಸ್ ಅನ್ನೋ ರೆಡಿಮೇಡ್ ಸಾಫ್ಟ್‌ವೇರನ್ನ ಪ್ರಿಂಟ್ ಹಾಕಿಸಲೇ ಇಲ್ಲ. ಹಾಕಿಸಿದ್ದರೆ ಲಗೇಜ್ ಆಟೋ ಕರೆಸಬೇಕಿತ್ತು.

ಕಾಟಾದ ಮೇಲಿಟ್ಟಿದ್ದು ಈ ಕಟ್ಟನ್ನೇ. ತೂಗಿ ಆದಮೇಲೆ ಯಜಮಾನರು ಕನ್ನಡಕ ಏರಿಸಿ ಕೇಳಿದರು. "ಇದ್ರಾಗೆ ನೀನು ಬರ್ದಿದ್ದು ಎಷ್ಟು?"

ಈ ಪ್ರಶ್ನೆಯನ್ನ ಹತ್ತು ವರ್ಷದಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಹಾಳೆ ಬೇರೆ ಮಾಡಿ ಇಟ್ಟೆ. 28 ಹಾಳೆ. ಕಾಟಾ 140 ಗ್ರಾಂ ತೋರಿಸಿತು. ಉಳಿದ ಮೂರು ಚಿಲ್ಲರೆ ಕೆಜಿ ಬೇರೆಯವರು ಬರೆದಿಟ್ಟ ರೆಡಿಮೇಡ್ ಕೋಡು: ಜೆಕ್ವೆರಿ, ಬೂಟ್‌ಸ್ಟ್ರಾಪ್, ಜೊತೆಗೆ ಫೋಟೋಗಳನ್ನ ಒಂದಾದ ಮೇಲೊಂದು ಸರಿಸುವ, ಯಾರೋ ಬರೆದ ಒಂದು ಸ್ಲೈಡರ್.

"ಜೆಕ್ವೆರಿ ಅಂದ್ರೆ ಯಾರು?"

"ಆಳಲ್ಲ ಯಜಮಾನ್ರೆ, ಅದೂ ಕೋಡೇ. 2006ರಲ್ಲಿ ಜಾನ್ ರೆಸಿಗ್ ಅನ್ನೋರು ಬಿಟ್ಟಿದ್ದು. ಅಮೆರಿಕದವರು."

"ಅವರಿಗೆಷ್ಟು ಕೊಟ್ಟಿ?"

"ಫ್ರೀ."

ಮಂಡಿಯಲ್ಲಿ ಹಮಾಲರೂ ಸುಮ್ಮನಾದರು. ಸಾವ್ಕಾರ್ರು ಎದ್ದು ನಿಂತರು. "ಪುಕ್ಕಟೆ ಸಿಗಾದನ್ನ ನನಗೆ ಇಪ್ಪತ್ತೈದು ಸಾವ್ರಕ್ಕೆ ಮಾರಿದ್ಯೇನೋ?" ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಕೂತು ಜವಳಿ ವ್ಯಾಪಾರಿಯೊಬ್ಬರು ಈ ಮಾತು ಹೇಳಿದಾಗ, "ಸಾವ್ಕಾರ್ರೆ, ನೀವು ಮಾರೋ ಸೀರೆಯ ನೂಲು ನೀವು ತೆಗೆದಿದ್ದಾ?" ಅಂತ ಕೇಳಬೇಕಿತ್ತು. ಆ ಮಾತು ನನಗೆ ಹೊಳೆದಿದ್ದು ರಾತ್ರಿ ಹನ್ನೊಂದಕ್ಕೆ, ಹಾಸಿಗೆಯಲ್ಲಿ.

ಅಲ್ಲಿ ಹೇಳಿದ್ದು ಬರೀ ನಿಜ. ಇವೆಲ್ಲ ಎಂಐಟಿ ಲೈಸೆನ್ಸಲ್ಲಿ ಬಂದಿವೆ, ಯಾರು ಬೇಕಾದರೂ ಬಳಸಬಹುದು, ಮಾರಬಹುದು. ಕರಾರು ಅಂತ ಇರೋದು ಒಂದೇ, ಬರೆದವರ ಹೆಸರು ಮತ್ತು ಲೈಸೆನ್ಸಿನ ಮಾತು ನಕಲಿನ ಜೊತೆ ಹೋಗಬೇಕು. "ನನ್ನ ವೆಬ್‌ಸೈಟಾಗೆ ಯಾರ್ಯಾರ್ದೋ ಹೆಸ್ರು ಯಾಕೆ? ತೆಗೀ ಅದನ್ನ" ಅಂದರು ಸಾವ್ಕಾರ್ರು. ನೋಡೋಣ ಅಂದೆ.

ಇಷ್ಟು ಹೊತ್ತು ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಸಾವ್ಕಾರ್ರು ಎರಡು ತಿಂಗಳಿಂದ ಬಾಯಿ ಬಡಕೊಂಡು ಕೇಳುತ್ತಿದ್ದ ಕೋಡು ಮೊದಲ ದಿನದಿಂದ ಅವರ ಹೋಸ್ಟಿಂಗಲ್ಲೇ, ಅಂದರೆ ವೆಬ್‌ಸೈಟ್ ಇಡೋಕೆ ಇಂಟರ್ನೆಟ್ಟಲ್ಲಿ ಬಾಡಿಗೆಗೆ ತಗೊಂಡ ಜಾಗದಲ್ಲೇ ಕೂತಿತ್ತು. ಹೋಸ್ಟಿಂಗಿಗೆ ದುಡ್ಡು ಕಟ್ಟಿದ್ದು ಅವರೇ. ಪಾಸ್‌ವರ್ಡ್ ಕೇಳಿದ್ದರೆ ಮುಗಿದಿತ್ತು, ಕೇಳಲಿಲ್ಲ. ಡೊಮೇನು, ಅಂದರೆ ವೆಬ್‌ಸೈಟಿನ ವಿಳಾಸ, ನನ್ನ ಜಿಮೇಲಿನ ಹೆಸರಲ್ಲಿತ್ತು. ನಾನು ಮನಸ್ಸು ಮಾಡಿದ್ದರೆ ಅಂಗಡಿಯ ಹೆಸರೇ ನನ್ನ ಕೈಯಲ್ಲಿ, ಅದನ್ನಂತೂ ಅಳಿಯನೂ ಕೇಳಲಿಲ್ಲ. ಎರಡನೇ ಸೆಮಿಸ್ಟರಲ್ಲಿ ಅದು ಬರಲ್ಲ ಅನ್ಸುತ್ತೆ. ಮನೆಯ ಬೀಗದ ಕೈ ಒಬ್ಬನ ಜೇಬಲ್ಲಿದೆ, ಜಗಳ ಮಾತ್ರ ಮೇಸ್ತ್ರಿಯ ಕರಣೆ ಯಾರದು ಅಂತ.

ಯಜಮಾನರು ತೀರ್ಪು ಕೊಟ್ಟರು. ಬಾಕಿ 15,000ದಲ್ಲಿ ಮೂರು ಬಿಡು, ಹನ್ನೆರಡು ಈಗಲೇ ಎಣಿಸಿ ಕೊಡ್ರಿ. ಕೋಡು ಇಬ್ಬರದೂ. ಅಣ್ಣತಮ್ಮಂದಿರ ಬಾವಿ ಇದ್ದ ಹಂಗೆ. "ಒಂದ್ ದಿನ ಇವನ ಪಾಳಿ, ಒಂದ್ ದಿನ ನಿಮ್ ಪಾಳಿ. ನೀರು ಸೇದ್ಕೊಳ್ರಿ, ಜಗಳ ಆಡ್ಬ್ಯಾಡ್ರಿ." ಮೆಕ್ಕೆಜೋಳದ ತೂಕದ ಚೀಟಿ ಹಿಂದೆ ಅದನ್ನೇ ಬರೆದು ಇಬ್ಬರಿಂದಲೂ ಸಹಿ ಹಾಕಿಸಿದರು.

ವಕೀಲರಿಗೆ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಗಂಭೀರವಾದರು. "ಬರೆದದ್ದೈತಿ, ಸಹಿ ಐತಿ. ಅವಧಿ ಇಲ್ಲ, ಊರು ಇಲ್ಲ. ಐದು ವರ್ಷ, ಭಾರತದೊಳಗೆ, ದಿನ ಬಿಟ್ಟು ದಿನ ಅಂತ ವಾದ ಮಾಡ್ಬೋದು" ಅಂದರು. ಇಡೀ ಊರಲ್ಲಿ ವೆಬ್‌ಸೈಟ್ ಬಗ್ಗೆ ಇರೋ ಒಂದೇ ಒಂದು ಲಿಖಿತ ಕರಾರು ಇದೇ ಇರಬೇಕು, ಜೋಪಾನ ಅಂತಲೂ ಹೇಳಿದರು. ನಾನು ಹೊರಡುವಾಗ ಅದರದೊಂದು ಜೆರಾಕ್ಸ್ ಇಟ್ಟುಕೊಂಡರು.

ಡೊಮೇನನ್ನ ಸಾವ್ಕಾರ್ರ ಹೆಸರಿಗೆ ಮಾಡಿಕೊಟ್ಟೆ. ಕೋಡಿನ ಕಟ್ಟನ್ನ ಅವರು ಅಂಗಡಿಗೆ ಒಯ್ದು ಗಲ್ಲಾಪೆಟ್ಟಿಗೆ ಪಕ್ಕ ಇಟ್ಟರು, ಅರಿಶಿನ ಕುಂಕುಮ ಹಚ್ಚಿ. ಎರಡು ವಾರ ಇತ್ತು. ಆಮೇಲೆ ಅಂಗಡಿ ಹುಡುಗ ಖಾಲಿ ರಟ್ಟಿನ ಬಾಕ್ಸುಗಳ ಜೊತೆ ಅದನ್ನೂ ರದ್ದಿಗೆ ಹಾಕಿದನಂತೆ.

ಮೊನ್ನೆ ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ರೂಮಿಗೆ ಬಂದೆ. ಮಿರ್ಚಿ ಸುತ್ತಿದ ಹಾಳೆ ಬಿಳಿ, ಎ4, ಮೂಲೆಯಲ್ಲಿ ಕುಂಕುಮ. ಎಣ್ಣೆ ಒರೆಸಿ ಓದಿದೆ. ನನ್ನ 28ರಲ್ಲಿ ಒಂದಲ್ಲ, ಜೆಕ್ವೆರಿಯ ಮೊದಲ ಹಾಳೆ. ಬರೆದವರ ಹೆಸರು, ಎಂಐಟಿ ಲೈಸೆನ್ಸಿನ ಸಾಲು, ಎರಡೂ ಸ್ಪಷ್ಟವಾಗಿ ಕಾಣ್ತಿದ್ದವು. ಕರಾರಿನ ಪ್ರಕಾರ ಮಿರ್ಚಿ ಅಂಗಡಿಯವನದು ಒಂದು ತಪ್ಪೂ ಇಲ್ಲ.