ಸತ್ಯಾಂಶ: ಅದು ಡೈನೋಸಾರ್ ಮೊಟ್ಟೆಯಲ್ಲ, ಕಲ್ಲು

ಒಡೆದ ಮೊಟ್ಟೆಗಳಂಥ ದುಂಡು ಬಂಡೆಗಳ ಫೋಟೋ, ಕೆಳಗೆ 'ಅಮೆರಿಕದ ಮರುಭೂಮಿಯಲ್ಲಿ ಡೈನೋಸಾರ್ ಮೊಟ್ಟೆಗಳು ಪತ್ತೆ' ಎಂಬ ಸಾಲು. ವಾಟ್ಸಾಪ್‌ನಲ್ಲಿ ಇದು ಆಗಾಗ ಬರುತ್ತದೆ. ಫೋಟೋ ಅಸಲಿ, ಸಾಲು ಸುಳ್ಳು.

ಜಾಗ ನ್ಯೂ ಮೆಕ್ಸಿಕೋ ರಾಜ್ಯದ ಬಿಸ್ಟಿ ಡೆ-ನಾ-ಜಿನ್ ಸಂರಕ್ಷಿತ ವನ್ಯಪ್ರದೇಶ. ಏಳು ಕೋಟಿ ವರ್ಷಗಳಿಗೂ ಹಿಂದೆ ಇದು ಸಮುದ್ರದಂಚಿನ ಜೌಗುನೆಲವಾಗಿತ್ತು. ಆಗ ಪದರಪದರವಾಗಿ ಕೂತ ಕೆಸರು, ಮರಳಿನಲ್ಲಿ ಅಲ್ಲಲ್ಲಿ ಖನಿಜಗಳು ಸೇರಿ ಗಟ್ಟಿಯಾದವು. ಮಳೆ ಗಾಳಿಗೆ ಸುತ್ತಲಿನ ಮೆದು ಮಣ್ಣು ಕೊಚ್ಚಿಹೋಯಿತು, ಗಟ್ಟಿ ಉಂಡೆ ಉಳಿಯಿತು, ಬಿರುಕುಬಿಟ್ಟಿತು. ಅಷ್ಟೇ 'ಮೊಟ್ಟೆ'. ಪಕ್ಕದಲ್ಲೇ ನಿಂತಿರುವ ಅಣಬೆಯಾಕಾರದ ಕಂಬಗಳೂ ಹೀಗೇ ಆದವು: ಮೇಲೆ ಗಟ್ಟಿ ಮರಳುಗಲ್ಲಿನ ಟೋಪಿ, ಕೆಳಗೆ ಸವೆದ ಮಣ್ಣು.

ನಿಜವಾದ ಮೊಟ್ಟೆ ನೋಡಬೇಕೇ? ಅಷ್ಟು ದೂರ ಯಾಕೆ, ಗುಜರಾತಿನ ಬಾಲಾಸಿನೋರ್ ಬಳಿ ಸಿಕ್ಕಿವೆ. ಫುಟ್‌ಬಾಲ್‌ಗಿಂತ ದೊಡ್ಡವಲ್ಲ. ಕೆಲವೇ ಮಿಲಿಮೀಟರ್ ದಪ್ಪದ ಚಿಪ್ಪು, ಅದರಲ್ಲಿ ಮರಿ ಉಸಿರಾಡಲು ಸೂಕ್ಷ್ಮ ರಂಧ್ರಗಳು. ಬಿಸ್ಟಿಯ ಉಂಡೆಗಳಿಗೆ ಚಿಪ್ಪೇ ಇಲ್ಲ, ಒಳಗೂ ಹೊರಗೂ ಕಲ್ಲೇ.

ಹಾಗಂತ ಅಲ್ಲಿ ಡೈನೋಸಾರ್ ಇರಲಿಲ್ಲ ಎಂದಲ್ಲ. ಟಿರಾನೋಸಾರಸ್‌ನ ಬಂಧು ಬಿಸ್ಟಾಹೀವರ್ಸರ್‌ಗೆ 2010ರಲ್ಲಿ ಹೆಸರಿಟ್ಟದ್ದೇ ಈ ಜಾಗದ ನೆನಪಲ್ಲಿ. ಫಾರ್ವರ್ಡ್ ಮಾಡುವವರಿಗೆ ಅದು ಯಾಕೋ ಸಾಲದು! ಅಂದಹಾಗೆ, ಅಲ್ಲಿಂದ ಪಳೆಯುಳಿಕೆ ಇರಲಿ, ಕಲ್ಲಾಗಿರುವ ಮರದ ಚೂರನ್ನೂ ಜೇಬಿಗಿಳಿಸುವಂತಿಲ್ಲ.